ಒಂದೂ ಹತ್ತರ ಹಸಿರು ಚುಕ್ಕೆ

ಸೀಲು ಒಡೆಯುವಾಗ ಆ ಸೀಟಿನವರು ಎದುರಿಗೇ ಇರಬೇಕು ಎಂಬುದು ಕಂಪ್ಯೂಟರ್ ತನಿಖೆಯ ಲ್ಯಾಬಿನ ನಿಯಮ. ಹಾಗಾಗಿ ಟೈಪಿಸ್ಟ್ ಅಲ್ಲಿಗೆ ಬಂದು ಕೂತಿದ್ದಳು. ಮೇಜಿನ ಮೇಲೆ ಬಟ್ಟೆಯ ಚೀಲ, ಚೀಲದೊಳಗೆ ಅವಳ ಆಫೀಸಿನ ಲ್ಯಾಪ್‌ಟಾಪು, ಚೀಲದ ಬಾಯಿಗೆ ಅರಗು, ಅರಗಿನ ಪಕ್ಕದ ಚೀಟಿಯಲ್ಲಿ ಸೂಪರಿಂಟೆಂಡೆಂಟರ ಸಹಿ. ಪರೀಕ್ಷಕಿ ಮೊದಲು ಅರಗಿನ ಫೋಟೋ ತೆಗೆದುಕೊಂಡಳು, ಆಮೇಲೆ ದಾರಕ್ಕೆ ಕತ್ತರಿ ಹಾಕಿದಳು.

"ಇಲ್ಲೊಂದು ಸೈನ್ ಹಾಕಿ ಅಮ್ಮಾ."

ಟೈಪಿಸ್ಟ್ ಹಾಕಿದಳು.

"ಓದಿ ಹಾಕ್ಬೇಕು."

"ಇಪ್ಪತ್ತಾರು ವರ್ಷದಿಂದ ಇಂಥವನ್ನ ಟೈಪ್ ಮಾಡ್ತಾ ಇದೀನಿ. ಒಳಗೆ ಏನಿರತ್ತೆ ಅಂತ ಗೊತ್ತು ಬಿಡಿ."

ಪರೀಕ್ಷಕಿ ನಕ್ಕಳು. ನಲವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು, ಬಾಯಲ್ಲೊಂದು ಕೆಮ್ಮಿನ ಗುಳಿಗೆ. ಟೈಪಿಸ್ಟಿಗೆ ನಗು ಬರಲಿಲ್ಲ. ಬರಬಾರದು ಅಂತಲ್ಲ. ಒಂದೂವರೆ ವರ್ಷದಿಂದ ಅವಳಿಗೆ ಏನೂ ಸರಿಯಾಗಿ ಬರುತ್ತಿರಲಿಲ್ಲ, ಹಸಿವು ಕೂಡ. ಟೈಪಿಂಗ್ ಒಂದು ಬರುತ್ತಿತ್ತು. ಮೊದಲೆಲ್ಲ ಪುಟಕ್ಕೆ ಎರಡೋ ಮೂರೋ ತಪ್ಪು ಬೀಳುತ್ತಿದ್ದವು. ಈಗ ಒಂದೂ ಬೀಳುತ್ತಿರಲಿಲ್ಲ. ಆಫೀಸಿನಲ್ಲಿ ಅದನ್ನು ಎಲ್ಲರೂ ಮೆಚ್ಚಿಕೊಂಡಿದ್ದರು.

ಆದದ್ದು ಇಷ್ಟು. ಅವಳು ಕೆಲಸ ಮಾಡುವ ಪರೀಕ್ಷಾ ಮಂಡಳಿಯ ಕಚೇರಿಯಿಂದ ಒಂದು ಪ್ರಶ್ನೆಪತ್ರಿಕೆ ಹೊರಗೆ ಹೋಗಿತ್ತು. ನೆಲಮಹಡಿಯ ಪ್ರಿಂಟ್ ರೂಮಿನ ಕಂಪ್ಯೂಟರಿನಿಂದ, ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ, ಅವಳ ಹೆಸರಿನ ಲಾಗಿನ್ನಿನಲ್ಲಿ ಯಾರೋ ಅದನ್ನು ಪ್ರಿಂಟ್ ಹೊಡೆದಿದ್ದರು. ಅವಳ ಪಾಸ್‌ವರ್ಡ್ ಆಫೀಸಿಗೆಲ್ಲ ಬಾಯಿಪಾಠ. ಯಾರಿಗೇ ಅವಸರವಿದ್ದರೂ ಮೆಟ್ಟಿಲ ಬುಡದಿಂದ "ಅಕ್ಕಾ, ನಿಮ್ಮದರಲ್ಲೇ ಹೊಡೀಲಾ?" ಎಂದು ಕೂಗುವುದು, ಅವಳು ಮೇಲಿನಿಂದ "ಹೊಡೀರಿ" ಅನ್ನುವುದು, ವರ್ಷಗಟ್ಟಲೆ ನಡೆದುಬಂದಿತ್ತು. ಈಗ ಕೇಳಿದರೆ ಹಾಗೆ ಕೂಗಿದವರು ಒಬ್ಬರೂ ಇರಲಿಲ್ಲ.

ಆ ಹೊತ್ತಿಗೆ ಎರಡನೇ ಮಹಡಿಯ ತನ್ನ ಸೀಟಿನಲ್ಲಿದ್ದೆ ಎಂದು ಅವಳು ಬರೆದುಕೊಟ್ಟಿದ್ದಳು. ನೋಡಿದವರಿಲ್ಲ, ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದರು. ಅವಳ ಲ್ಯಾಪ್‌ಟಾಪಿನ ಹಿಸ್ಟರಿಯಲ್ಲಿ ಬೆಳಿಗ್ಗೆಯಿಂದ ಒಂದು ಗಂಟೆಯವರೆಗೆ ಸಾಲುಸಾಲು ಕೆಲಸ, ಒಂದೂವರೆಯಿಂದ ಮತ್ತೆ ಕೆಲಸ. ನಡುವೆ ಖಾಲಿ. ಆ ಅರ್ಧ ಗಂಟೆಯ ಖಾಲಿಯನ್ನು ಹಿಡಿದುಕೊಂಡೇ ಅವಳನ್ನು ಸಸ್ಪೆಂಡ್ ಮಾಡಿದ್ದರು. ಇನ್ನು ಒಂಬತ್ತು ದಿನಕ್ಕೆ ವಿಚಾರಣೆ. ಸೀಟಿನಲ್ಲೇ ಇದ್ದಳೆಂದು ಅಷ್ಟರೊಳಗೆ ತೋರಿಸದಿದ್ದರೆ ಕೆಲಸ ಹೋಗುತ್ತದೆ, ಕಳ್ಳಿ ಎನ್ನುವ ಮಾತೂ ಉಳಿಯುತ್ತದೆ.

"ಒಂದರಿಂದ ಒಂದೂವರೆವರೆಗೆ ಏನು ಮಾಡ್ತಿದ್ರಿ?" ಪರೀಕ್ಷಕಿ ಕೇಳಿದಳು.

"ಸೀಟಲ್ಲಿದ್ದೆ."

"ಸೀಟಲ್ಲಿ ಕೂತು?"

"ಕೂತಿದ್ದೆ."

"ಕಪ್ಪು ಕಿಟಕಿ ತೆಕ್ಕೊಂಡಿದ್ರಾ?"

ಟೈಪಿಸ್ಟ್ ಮೇಜಿನ ಅಂಚು ನೋಡಿದಳು. ಬ್ರೌಸರಿನಲ್ಲಿ ಪ್ರೈವೇಟ್ ಎಂದು ಒಂದು ಕಿಟಕಿ ತೆರೆಯಬಹುದು. ಅವಳ ಲ್ಯಾಪ್‌ಟಾಪಿನಲ್ಲಿ ಅದು ಕಪ್ಪಗೆ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ನೋಡಿದ್ದು ಹಿಸ್ಟರಿಯಲ್ಲಿ ಉಳಿಯುವುದಿಲ್ಲ. ಅದನ್ನು ಅವಳಿಗೆ ಹೇಳಿಕೊಟ್ಟವಳು ಮಗಳು.

"ಇಲ್ಲಿ ಬರೋರೆಲ್ಲ ಆ ಒಂದು ವಿಷಯಕ್ಕೆ ಬಾಯಿ ಹೊಲ್ಕೊಂಡ್‌ಬಿಡ್ತಾರೆ," ಅಂದಳು ಪರೀಕ್ಷಕಿ. "ಏನೂ ಉಳಿಯಲ್ಲ ಅನ್ನೋ ಧೈರ್ಯ. ಬ್ರೌಸರು ಬರೆದಿಡಲ್ಲ, ನಿಜ. ಆದ್ರೆ ತೋರಿಸಿದ ಯಂತ್ರಕ್ಕೆ ನೆನಪು ಅನ್ನೋದೊಂದು ಇರತ್ತಲ್ಲ. ಆಫ್ ಮಾಡಿದ್ರೆ ಆ ನೆನಪು ಹೋಯ್ತು. ನೀವು ಆವತ್ತು ಆಫ್ ಮಾಡಿದ್ರಾ?"

"ಇಲ್ಲ. ಮುಚ್ಚಳ ಹಾಕ್ದೆ."

"ಬರೀ ಮುಚ್ಚಳ?"

"ಯಾವಾಗ್ಲೂ ಅಷ್ಟೇ. ಬೆಳಿಗ್ಗೆ ಬಂದು ಒಂದ್ಸಲ ಆರಿಸಿ ಹಚ್ತೀನಿ. ಹೋಗೋವಾಗ ಮುಚ್ಚಳ. ಅದಕ್ಕೆ ಬೈಸ್ಕೊಂಡಿದ್ದೂ ಆಯ್ತು."

ನಿಜವಾಗಿಯೂ ಬೈಸಿಕೊಂಡಿದ್ದಳು. 'ಹೋಗುವ ಮುನ್ನ ಕಂಪ್ಯೂಟರ್ ಆಫ್ ಮಾಡತಕ್ಕದ್ದು' ಎಂಬ ನೋಟೀಸು ಅವಳ ಸೀಟಿನ ಎದುರಿನ ಗೋಡೆಗೇ ಅಂಟಿತ್ತು. ಸೂಪರಿಂಟೆಂಡೆಂಟ್ ಹೇಳಿ ಬರೆಸಿದ್ದರು. ಟೈಪ್ ಮಾಡಿದವಳು ಅವಳೇ. ಪ್ರಶ್ನೆಪತ್ರಿಕೆ ಹೋದ ದಿನವೇ ಸುದ್ದಿ ಹೊರಬಿದ್ದು, ಒಂದೂ ಮುಕ್ಕಾಲಿಗೆ ಅವರು ಬಂದು "ಎಲ್ಲರೂ ಇದ್ದ ಹಾಗೇ ಎದ್ದೇಳಿ" ಎಂದು ಕೂಗಿದಾಗಲೂ ಅವಳು ಕೈಚಾಚಿ ಮುಚ್ಚಳವನ್ನೇ ಹಾಕಿದ್ದಳು.

"ಅದೃಷ್ಟ ನಿಮ್ದು," ಅಂದಳು ಪರೀಕ್ಷಕಿ. "ಮುಚ್ಚಳ ಹಾಕಿದ್ರೆ ಇದು ನಿದ್ದೆ ಹೋಗತ್ತೆ. ಚೀಲದೊಳಗೆ ಬ್ಯಾಟರಿ ಇಳೀತಾ ಬರತ್ತೆ. ಪೂರ್ತಿ ಆರೋಕ್ ಮುಂಚೆ ನೆನಪಲ್ಲಿದ್ದದ್ದನ್ನ ಡಿಸ್ಕಿಗೆ ಬರೆದಿಟ್ಟು ಆರತ್ತೆ. ನೀವು ಕಿಟಕಿ ಮುಚ್ಚಿದ್ರೂ ಅದರ ಚೂರುಪಾರು ಅದರಲ್ಲಿ ಬಿದ್ದಿರಬಹುದು. ನಾನು ಇದನ್ನ ಎಬ್ಬಿಸೋದಿಲ್ಲ. ಎಬ್ಬಿಸಿದ್ರೆ ಕೆಟ್ಟಿತು. ಡಿಸ್ಕನ್ನ ಹಾಗೇ ನಕಲು ಮಾಡ್ಕೊಂಡು ನಕಲಲ್ಲಿ ಹುಡುಕ್ತೀನಿ."

"ಸಿಗತ್ತಾ?"

"ಸಿಕ್ರೆ ನಿಮಗೇ ಒಳ್ಳೇದು."

"ಸಿಗದಿದ್ರೂ ಪರವಾಗಿಲ್ಲ."

ಪರೀಕ್ಷಕಿ ಕನ್ನಡಕ ಕೆಳಗಿಳಿಸಿ ಅವಳನ್ನು ನೋಡಿದಳು. "ಕೆಲಸ ಹೋಗತ್ತೆ ಅಮ್ಮಾ."

"ಗೊತ್ತು," ಅಂದಳು ಟೈಪಿಸ್ಟ್.

ಟೈಪಿಸ್ಟಿಗೂ ಅವಳ ಗಂಡನಿಗೂ ಇದ್ದದ್ದು ಒಬ್ಬಳೇ ಮಗಳು. ಇಪ್ಪತ್ತೆರಡು ವರ್ಷ. ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಉಳಿದದ್ದು ಬಾಗಿಲ ಬಳಿಯ ಒಂದು ಜೊತೆ ಚಪ್ಪಲಿ, ಬೀರುವಿನ ಕೆಳಗಿನ ಖಾನೆ, ಮತ್ತೆ ಅವಳು ಸ್ನೇಹಿತರ ಜೊತೆ ಹರಟುತ್ತಿದ್ದ ಒಂದು ಅಕೌಂಟು. ಆರು ತಿಂಗಳ ಮೇಲೆ ಒಂದು ದಿನ ಗಂಡ, "ಅದನ್ನ ಮುಚ್ಚಿಬಿಡೇ. ಯಾರ್ಯಾರೋ ಏನೇನೋ ಬರೀತಾರೆ. ಸಾಕು," ಅಂದ. ಪಾಸ್‌ವರ್ಡ್ ಟೈಪಿಸ್ಟಿಗೆ ಮಾತ್ರ ಗೊತ್ತಿತ್ತು. ಮಗಳು ಹಿಂದೊಮ್ಮೆ ಫೋನಿನಲ್ಲಿ "ಬರ್ಕೋ ಮಾರಾಯ್ತಿ, ಎಷ್ಟು ಸಲ ಹೇಳ್ಲಿ" ಎಂದು ರೇಗುತ್ತ ಹೇಳಿದ್ದು. "ಆಯ್ತು," ಅಂದಳು. ಮಾರನೆಯ ದಿನ ಗಂಡ ಕೇಳಿದ. "ಮುಚ್ಚಿದೆ," ಅಂದಳು.

ಮುಚ್ಚಿರಲಿಲ್ಲ. ಮಧ್ಯಾಹ್ನ ಒಂದೂ ಹತ್ತಕ್ಕೆ ಎಲ್ಲರೂ ಕ್ಯಾಂಟೀನಿಗೆ ಇಳಿದ ಮೇಲೆ ಕಪ್ಪು ಕಿಟಕಿ ತೆರೆದು, ಪ್ರತಿ ಸಲವೂ ಹೊಸದಾಗಿ ಪಾಸ್‌ವರ್ಡ್ ಒತ್ತಿ, ಮಗಳ ಅಕೌಂಟಿನೊಳಗೆ ಹೋಗಿ ಕೂರುತ್ತಿದ್ದಳು. ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅಳುತ್ತಿರಲಿಲ್ಲ. ಒಂದು ಅಕ್ಷರ ಬರೆಯುತ್ತಿರಲಿಲ್ಲ. ಆಮೇಲೆ ಕಿಟಕಿ ಮುಚ್ಚಿ, ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಳು.

ಲ್ಯಾಬಿನಿಂದ ಮನೆಗೆ ಬಂದಾಗ ಗಂಡ ಹಿತ್ತಿಲ ಕಡೆಯ ಕಲ್ಲಿನ ಮೇಲೆ ಕೂತು ಬೂಟಿನ ಕೆಸರು ಕೆರೆಯುತ್ತಿದ್ದ. ಅವನು ನೀರಿನ ಕಚೇರಿಯ ಮೀಟರ್ ರೀಡರ್. ಮನೆಮನೆಗೆ ಹೋಗಿ ಮುಚ್ಚಳ ಎತ್ತಿ ಅಂಕಿ ಬರೆದುಕೊಳ್ಳುವುದು, ಆಫೀಸು ಕೊಟ್ಟ ಫೋನಿನಲ್ಲಿ ಅದರ ಫೋಟೋ ತೆಗೆಯುವುದು. "ಹತ್ತಂದ್ರೆ ನೂರು ಅಂತ ಬರ್ಕೊಂಡ" ಎಂದು ಜನ ಜಗಳ ತೆಗೆಯುತ್ತಿದ್ದುದರಿಂದ ಫೋಟೋ ಇಲ್ಲದ ಅಂಕಿಯನ್ನು ಅವನು ಅಂಕಿಯೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ಏನಂದ್ರು?"

"ಚೀಲ ಒಡೆದ್ರು. ಸೈನ್ ಹಾಕಿಸ್ಕೊಂಡ್ರು."

"ಅಷ್ಟೇನಾ?"

"ಹುಡುಕ್ತಾರಂತೆ."

ಅವನು ಬೂಟನ್ನು ಗೋಡೆಗೆ ಒರಗಿಸಿಟ್ಟ. "ನಲ್ಲಿ ಮತ್ತೆ ತೊಟ್ಟಿಕ್ತಾ ಇದೆ. ಮೊನ್ನೆ ತಾನೆ ವಾಷರ್ ಹಾಕಿದ್ದೆ. ಊರ ನೀರೆಲ್ಲ ಅಳೀತೀನಿ, ಮನೇದು ನಿಲ್ಸಕ್ಕಾಗಲ್ಲ."

"ಹೂಂ."

ಊಟ ಮಾಡಿದರು. ತಟ್ಟೆ ತೊಳೆದಿಟ್ಟಳು. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಐದನೇ ದಿನ ಲ್ಯಾಬಿನಿಂದ ಫೋನ್ ಬಂತು. ಪರೀಕ್ಷಕಿ ಮೂರು ಹಾಳೆ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿಕೊಂಡಿದ್ದಳು. ಹಾಳೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಓದಬಲ್ಲ ಮಾತು, ಅದಕ್ಕೆ ಹಳದಿ ಬಣ್ಣ ಬಳಿದಿತ್ತು.

"ಇದು ಆ ಸೈಟಿನ ವಿಳಾಸ. ಇದು ಅಕೌಂಟಿನ ಹೆಸರು. ನಿಮ್ಮ ಮಗಳದ್ದಾ?"

"ಹೌದು."

"ಆಫೀಸಿನವರು ಹೇಳಿದ್ರು, ಮಗಳು..." ಪರೀಕ್ಷಕಿ ಗುಳಿಗೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು. "ಇನ್ನೊಂದು ಸಿಕ್ತು. ಒಂದೇ ಮಾತು, ನಲವತ್ತೊಂದು ಕಡೆ. ನನ್ನ ಪ್ರೋಗ್ರಾಮೇ ಕೆಟ್ಟು ಕೂತಿದೆಯೇನೋ ಅಂತ ಎರಡು ಸಲ ಓಡಿಸ್ದೆ."

ಮೂರನೇ ಹಾಳೆಯನ್ನು ಅವಳ ಕಡೆ ತಿರುಗಿಸಿದಳು. ಹಳದಿಯೊಳಗೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿತ್ತು: ಅಪ್ಪ ಬರೆಯುತ್ತಿದ್ದಾರೆ. ಅಪ್ಪ ಬರೆಯುತ್ತಿದ್ದಾರೆ. ಅಪ್ಪ ಬರೆಯುತ್ತಿದ್ದಾರೆ.

"ಆ ಕಡೆಯೋರು ಟೈಪ್ ಮಾಡ್ತಾ ಇದ್ರೆ ಈ ಕಡೆ ಹೀಗೆ ತೋರಿಸತ್ತೆ," ಅಂದಳು ಪರೀಕ್ಷಕಿ. "ಅಪ್ಪ ಅಂದ್ರೆ ನಿಮ್ಮ ಮನೆಯವರಾ?"

"ಅವಳು ಹಾಗೇ ಸೇವ್ ಮಾಡ್ಕೊಂಡಿದ್ಲು."

"ಏನು ಬರೀತಿದ್ರು?"

"ಗೊತ್ತಿಲ್ಲ. ಬರೀತಿದ್ರು. ಅಳಿಸ್ತಿದ್ರು. ಒಂದು ದಿನಾನೂ ಕಳಿಸ್ಲಿಲ್ಲ."

ಎಂಟು ತಿಂಗಳ ಹಿಂದೆ ಅದು ಶುರುವಾಗಿತ್ತು. ಇವಳು ಅಕೌಂಟು ತೆರೆದರೆ ಅವನ ಫೋನಿನಲ್ಲಿ ಮಗಳ ಹೆಸರಿನ ಪಕ್ಕ, ಒಳಗೆ ಯಾರೋ ಇದ್ದಾರೆಂದು ತೋರಿಸುವ ಹಸಿರು ಚುಕ್ಕೆ ಹತ್ತುತ್ತದೆ ಎಂಬುದು ಇವಳಿಗೆ ಹೊಳೆದೇ ಇರಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಎಂಬ ಹೆಸರಿನ ಕೆಳಗೆ ಆ ಸಾಲು ಅಲುಗಾಡಿತು. ನಿಂತಿತು. ಮತ್ತೆ ಅಲುಗಾಡಿತು. ಅಂದಿನಿಂದ ಕೆಲಸದ ದಿನಗಳಲ್ಲಿ ಒಂದೂ ಹತ್ತಕ್ಕೆ ಇಬ್ಬರೂ ಬರುತ್ತಿದ್ದರು. ಸಂಜೆ ಮನೆಯಲ್ಲಿ ಅವನು ಏನೂ ಕೇಳುತ್ತಿರಲಿಲ್ಲ, ಇವಳು ಏನೂ ಹೇಳುತ್ತಿರಲಿಲ್ಲ.

"ಹಾಗಾದ್ರೆ ಅವರಿಗೆ ಗೊತ್ತು, ಇದು ನೀವೇ ಅಂತ."

"ಗೊತ್ತಿರಬೇಕು."

"ಮತ್ತೆ ಇಷ್ಟು ದಿನ ಯಾಕಮ್ಮಾ ಬಾಯಿ ಬಿಡಲಿಲ್ಲ? ಮೊದಲನೇ ದಿನವೇ ಅವರನ್ನ ಕರ್ಕೊಂಡು ಬಂದಿದ್ರೆ ಆಗ್ತಿತ್ತಲ್ಲ."

"ಬಾಯಿ ಬಿಟ್ರೆ ಅವರು ಬರೆಯೋದು ನಿಲ್ಲಿಸ್ತಾರೆ," ಅಂದಳು ಟೈಪಿಸ್ಟ್.

ಪರೀಕ್ಷಕಿ ಹಾಳೆಗಳನ್ನು ಒಟ್ಟು ಮಾಡಿ ಅಂಚು ಸರಿಪಡಿಸಿದಳು. ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟಳು. ಟೈಪಿಸ್ಟ್ ಅದನ್ನು ಕುಡಿದಳು, ಕುಡಿಯಬೇಕೆಂದು ಇಟ್ಟಿದ್ದರಿಂದ.

"ಒಂದು ತೊಂದರೆ ಇದೆ," ಅಂದಳು ಪರೀಕ್ಷಕಿ. "ಈ ಚೂರುಗಳಿಗೆ ಗಡಿಯಾರ ಇಲ್ಲ. ನೀವು ಬೆಳಿಗ್ಗೆ ಹತ್ತಕ್ಕೆ ಆರಿಸಿ ಹಚ್ಚಿದ್ದೀರಿ, ಒಂದೂ ಮುಕ್ಕಾಲಿಗೆ ಮುಚ್ಚಳ ಹಾಕಿದ್ದೀರಿ. ಅದರ ನಡುವೆ ಯಾವಾಗ್ಲೋ ನೋಡಿದ್ದೀರಿ ಅಂತ ಬರೀಬಹುದು. ಒಂದೂ ಹನ್ನೆರಡಕ್ಕೇ ಅಂತ ನಾನು ಬರೆಯೋಕಾಗಲ್ಲ. ಆ ಸೈಟಿನೋರಿಗೆ ಪತ್ರ ಹಾಕಿದೀನಿ; ಅವರು ಉತ್ತರ ಕೊಡೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ. ಆ ಹೊತ್ತಿಗೆ ನಿಮ್ಮ ಮಗಳ ಹೆಸರಿನ ಪಕ್ಕ ಹಸಿರು ಚುಕ್ಕೆ ಇತ್ತು ಅಂತ ತೋರಿಸೋದು ಏನಾದ್ರೂ ಬೇಕು. ಬಾಯಿಮಾತು ನಡೆಯಲ್ಲ. ನಿಮ್ಮ ಮನೆಯವರನ್ನ ಕೇಳಿ."

"ಕೇಳ್ದೇ ಇದ್ರೆ?"

"ಕೇಳ್ದೇ ಇದ್ರೆ ನಾನು ಇಷ್ಟನ್ನೇ ಬರೆದು ಕಳಿಸ್ತೀನಿ. ಅದು ಸಾಲಲ್ಲ."

ಅವಳು ಎರಡು ದಿನ ಕೇಳಲಿಲ್ಲ. ಮನೆಯಲ್ಲೇ ಇದ್ದಳು, ಒಂದೂ ಹತ್ತು ಬಂತು, ಹೋಯಿತು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ತನ್ನ ಫೋನಿನಲ್ಲಿ ತೆರೆಯುವುದು ಅವಳಿಗೆ ಗೊತ್ತಿರಲಿಲ್ಲ. ಸಸ್ಪೆಂಡ್ ಆದಾಗಿನಿಂದ ಚುಕ್ಕೆ ಹತ್ತಿಲ್ಲವೆಂದು ಗಂಡನಿಗೆ ಗೊತ್ತು, ಗೊತ್ತಿದೆಯೆಂದು ಇವಳಿಗೆ ಗೊತ್ತು. ಅವನು ಸಂಜೆ ಬಂದವನು ತನ್ನ ಸ್ವಂತ ಫೋನನ್ನು ಮೊದಲಿನ ಹಾಗೆ ಜೇಬಿನಲ್ಲಿಟ್ಟುಕೊಳ್ಳದೆ ಕಿಟಕಿಯ ಕಟ್ಟೆ ಮೇಲೆ ಇಟ್ಟುಬಿಡುತ್ತಿದ್ದ.

ವಿಚಾರಣೆಗೆ ಎರಡು ದಿನ ಉಳಿದಾಗ ಅವನು ಸಿಂಕಿನ ಕೆಳಗೆ ಕೂತು ಮತ್ತೆ ನಲ್ಲಿ ಬಿಚ್ಚುತ್ತಿದ್ದ. ಅವಳು ಸ್ಪ್ಯಾನರುಗಳನ್ನು ಹಿಡಿದುಕೊಂಡು ನಿಂತಿದ್ದಳು.

"ರೀ."

"ಹ್ಞಾಂ. ಹನ್ನೆರಡನೇದು ಕೊಡು. ಅದಲ್ಲ, ಸಣ್ಣದು."

ಕೊಟ್ಟಳು. "ಲ್ಯಾಬಿನೋರಿಗೆ ಒಂದು ಟೈಮು ಬೇಕಂತೆ."

"ಯಾವ ಟೈಮು?"

"ಆವತ್ತಿನ ಒಂದೂ ಹತ್ತು."

ಸ್ಪ್ಯಾನರ್ ನಿಂತಿತು. ಆಮೇಲೆ ಅವನು ಮತ್ತೆ ತಿರುಗಿಸತೊಡಗಿದ. ವಾಷರ್ ಹಾಕಿ ಬಿಗಿ ಮಾಡಿ, ಕೈ ಒರೆಸಿಕೊಂಡು ಎದ್ದು ಬಂದು, ಆಫೀಸಿನ ಫೋನು ತೆಗೆದು ಅವಳ ಕೈಗೆ ಕೊಟ್ಟ.

"ಇದೆ," ಅಂದ.

ಮೀಟರುಗಳ ಫೋಟೋಗಳು. ಕೆಸರು ತುಂಬಿದ ಗುಂಡಿ, ಗಾಜು ಒಡೆದ ಮೀಟರು, ಅಂಕಿ, ಅಂಕಿ, ಅಂಕಿ. ನಡುವೆ ಒಂದು ಅವನ ಸ್ವಂತ ಫೋನಿನ ಫೋಟೋ. ಅದರ ಪರದೆಯ ಮೇಲೆ ಮಗಳ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ. ಫೋಟೋದ ಕೆಳಗಂಚಿನಲ್ಲಿ ತಾರೀಕು, ಗಂಟೆ, ನಿಮಿಷ: ಒಂದೂ ಹದಿನಾಲ್ಕು. ಮುಂದಕ್ಕೆ ಸರಿಸಿದಳು. ಮೀಟರುಗಳು. ಮತ್ತೆ ಮಗಳ ಹೆಸರು. ಒಂದೂ ಹನ್ನೊಂದು. ಒಂದೂ ಹದಿನೈದು. ಎಂಟು ತಿಂಗಳು.

"ಇದೇನಿದು?"

"ರೀಡಿಂಗು," ಅಂದ ಗಂಡ.

ಪ್ರತಿ ಫೋಟೋದ ಮೇಲೂ ಕೆಂಪಿನಲ್ಲಿ ಒಂದು ಮುದ್ರೆ: ತಿರಸ್ಕೃತ, ಮೀಟರ್ ಕಾಣಿಸುತ್ತಿಲ್ಲ.

"ಇವೆಲ್ಲ ಆಫೀಸಿಗೆ ಹೋಗಿವೆಯಾ?"

"ಈ ಫೋನಲ್ಲಿ ತೆಗೆದದ್ದೆಲ್ಲ ತಾನಾಗೇ ಹೋಗತ್ತೆ. ಅಲ್ಲಿ ಕೂತೋನು ದಿನಾ ಕೇಳ್ತಾನೆ, 'ಏನ್ರೀ, ಯಾವ ಮನೆ ಮೀಟರು ಇದು, ಹಸಿರು ಲೈಟಿಂದು?' ಎರಡು ಮೆಮೋ ಕೊಟ್ಟಿದ್ದಾರೆ."

"ಹೇಳ್ಲೇ ಇಲ್ಲ ನೀವು."

"ನೀನು ಹೇಳಿದ್ಯಾ?"

ಅವಳು ಫೋಟೋವನ್ನು ದೊಡ್ಡದು ಮಾಡಿದಳು. ಆಗ ಕೆಳಗಿನ ಚೌಕದೊಳಗೆ ಅವನು ಟೈಪ್ ಮಾಡಿದ್ದ ಮಾತು ಕಾಣಿಸಿತು. ಅಳಿಸುವ ಮೊದಲು ತೆಗೆದ ಫೋಟೋ. ಎಂಟು ತಿಂಗಳು ಆ ಕಡೆಯಿಂದ ಅಲುಗಾಡುವ ಒಂದು ಸಾಲನ್ನಷ್ಟೇ ನೋಡಿದವಳು ಈಗ ಒಂದೊಂದನ್ನಾಗಿ ಓದಿದಳು. 'ಇವತ್ತು ಬಿಸಿಲು ಜಾಸ್ತಿ.' 'ಅಮ್ಮನಿಗೆ ಮಂಡಿ ನೋವು, ಹೇಳಲ್ಲ.' 'ನಾಯಿ ಅಟ್ಟಿಸಿಕೊಂಡು ಬಂತು, ಓಡಿದೆ, ನೀನಿದ್ದಿದ್ರೆ ನಗ್ತಿದ್ದೆ.' 'ಊಟ ಆಯ್ತಾ.' 'ಊಟ ಆಯ್ತಾ.' 'ನಿನ್ನ ಚಪ್ಪಲಿ ಒಳಗೆ ಇಟ್ಟೆ, ಅಮ್ಮ ಮತ್ತೆ ಹೊರಗೆ ಇಟ್ಳು.' ಪ್ರಶ್ನೆಪತ್ರಿಕೆ ಹೋದ ದಿನದ್ದು: 'ನಲ್ಲಿ ರಿಪೇರಿ ಮಾಡಿದೆ. ವಾಷರ್ ಹೋಗಿತ್ತು.'

ಎದೆಯಲ್ಲಿ ಏನಾದರೂ ಆಗುತ್ತದೆಯೇನೋ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಕೈ ಮಾತ್ರ ತಣ್ಣಗಿತ್ತು, ಅದು ಸ್ಪ್ಯಾನರಿನದ್ದಿರಬೇಕು.

"ನಾಳೆ ಇದನ್ನ ಕೊಡ್ಬೇಕಾಗತ್ತೆ," ಅಂದಳು. "ಎಲ್ಲರೂ ಓದ್ತಾರೆ."

"ಆ ಒಂದು ದಿನದ್ದು ಸಾಕಲ್ವಾ?"

"ಸಾಕು."

"ಹಾಗಾದ್ರೆ ನಲ್ಲಿದು ತಾನೆ. ಓದ್ಲಿ ಬಿಡು."

ನೀರಿನ ಕಚೇರಿಯವರು ಆ ಫೋಟೋ ಅದೇ ದಿನ ಒಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ತಮಗೆ ತಲುಪಿತ್ತೆಂದು, ತಿರಸ್ಕೃತವಾಗಿತ್ತೆಂದು ಬರೆದು ಮೊಹರು ಹಾಕಿಕೊಟ್ಟರು. ಪರೀಕ್ಷಕಿ ತನ್ನ ಮೂರು ಹಾಳೆಗೆ ಅದನ್ನು ನಾಲ್ಕನೆಯದಾಗಿ ಸೇರಿಸಿದಳು. ಗಂಡನ ಫೋನನ್ನೂ ಪರೀಕ್ಷಿಸಿದಳು: ಆ ದಿನ ಬೆಳಿಗ್ಗೆ ಹತ್ತರಿಂದ ಒಂದೂ ಮುಕ್ಕಾಲರ ನಡುವೆ ಅವನು ಮಗಳ ಹೆಸರು ತೆರೆದು ಬರೆಯಲು ಹೊರಟದ್ದು ಆ ಒಂದೇ ಸಲ. ಈ ಲ್ಯಾಪ್‌ಟಾಪಿನಲ್ಲಿ 'ಅಪ್ಪ ಬರೆಯುತ್ತಿದ್ದಾರೆ' ಎಂದು ಕಾಣಿಸಿದ್ದೂ ಹಾಗಾದರೆ ಆ ಹೊತ್ತಿಗೇ. ಒಂದೂ ಹನ್ನೆರಡಕ್ಕೆ ಪ್ರಿಂಟ್ ರೂಮಿನಲ್ಲಿದ್ದವರು ಒಂದೂ ಹದಿನಾಲ್ಕಕ್ಕೆ ಎರಡು ಮಹಡಿ ಹತ್ತಿ, ಲ್ಯಾಪ್‌ಟಾಪು ತೆರೆದು, ಪಾಸ್‌ವರ್ಡ್ ಒತ್ತಿ ಒಳಗಿರಲು ಸಾಧ್ಯವಿಲ್ಲ ಎಂದು ಬರೆದಳು. ಟೈಪಿಸ್ಟ್ ಲ್ಯಾಬಿನ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದರಿಂದ, ಮಂಡಿ ನೋವಿನವರ ಮಟ್ಟಿಗಂತೂ ಇಲ್ಲ ಎಂದೂ ಬರೆಯಬೇಕೆನಿಸಿತ್ತಂತೆ, ಬರೆಯಲಿಲ್ಲ.

ವಿಚಾರಣೆಯಲ್ಲಿ ಸೂಪರಿಂಟೆಂಡೆಂಟ್ ನಾಲ್ಕು ಹಾಳೆಯನ್ನೂ ಓದಿದರು. ಮೂರನೆಯದನ್ನು ಓದುವಾಗ ಅವರ ಬೆರಳು ಹಳದಿ ಸಾಲುಗಳ ಮೇಲೆ ಇಳಿಯುತ್ತ ಹೋಗಿ ಅರ್ಧಕ್ಕೇ ನಿಂತಿತು. "ಸೋಮವಾರದಿಂದ ಬನ್ನಿ," ಅಂದರು. "ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ. ಯಾರಿಗೂ ಹೇಳ್ಬೇಡಿ." ಪ್ರಶ್ನೆಪತ್ರಿಕೆ ಕದ್ದವರು ಯಾರೆಂದು ಹುಡುಕುವುದು ಬೇರೆ ಫೈಲಿಗೆ ಹೋಯಿತು.

ಸೋಮವಾರ ಒಂದೂ ಹತ್ತಕ್ಕೆ ಮಹಡಿ ಖಾಲಿಯಾಯಿತು. "ಅಕ್ಕಾ, ಬನ್ನಿ ಕ್ಯಾಂಟೀನಿಗೆ," ಎಂದು ಒಬ್ಬಿಬ್ಬರು ಹೊಸದಾಗಿ ಕರೆದರು. ಬರುತ್ತೇನೆಂದು ಹೇಳಿ ಅವಳು ಕೂತೇ ಇದ್ದಳು. ಕಪ್ಪು ಕಿಟಕಿ ತೆರೆದಳು. ಪಾಸ್‌ವರ್ಡ್ ಒತ್ತಿದಳು. ಅಪ್ಪ ಎಂಬ ಹೆಸರು ಮೇಲೆಯೇ ಇತ್ತು, ಪಕ್ಕದಲ್ಲಿ ಅವನದ್ದೂ ಒಂದು ಹಸಿರು ಚುಕ್ಕೆ. ಬಂದಿದ್ದಾನೆ. ಅವಳು ಹೆಸರಿನ ಕೆಳಗಿನ ಜಾಗವನ್ನು ನೋಡಿದಳು. ಒಂದೂ ಹದಿನೈದಾಯಿತು. ಒಂದೂ ಇಪ್ಪತ್ತು. ಅಲ್ಲಿ ಏನೂ ಅಲುಗಾಡಲಿಲ್ಲ. ಒಂದೂವರೆಗೆ ಮುಚ್ಚಿ ಡಬ್ಬಿ ಬಿಚ್ಚಿದಳು.

ಸಂಜೆ ಅವನು ಬೂಟು ಬಿಚ್ಚುತ್ತ, ತಲೆ ಎತ್ತದೆ ಹೇಳಿದ, "ಇವತ್ತು ಬಂದಿತ್ತು."

"ಹೂಂ."

"ಬರೆಯೋಣ ಅಂತ ತೆಗೆದೆ. ಕೈ ಓಡಲಿಲ್ಲ. ನೀನೇ ಓದ್ತೀಯ ಅನ್ನಿಸ್ತು."

"ಮೊದಲೂ ನಾನೇ ಅಲ್ವಾ ಇದ್ದದ್ದು."

"ನೀನೇ ಇದ್ದೆ. ಆದ್ರೆ..." ಬೂಟಿನ ದಾರ ಗಂಟಾಗಿತ್ತು. ಅದನ್ನು ಬಿಡಿಸಿದ. "ಇದ್ದೆ ಕಣೇ. ಆದ್ರೂ."

"ಹಾಗಾದ್ರೆ ನಾಳೆಯಿಂದ ಬೇಡ್ವಾ?"

ಅವನು ಬೂಟನ್ನು ಗೋಡೆಗೆ ಒರಗಿಸಿಟ್ಟ. ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ, ಮನೆ ಸುಮ್ಮನಿತ್ತು.

"ಚುಕ್ಕೆ ಹಚ್ಚು," ಅಂದ. "ನಾನು ಬರೆಯಲ್ಲ. ಫೋಟೋನೂ ಬೇಡ, ಇನ್ನೊಂದು ಮೆಮೋ ಬಂದ್ರೆ ಕಷ್ಟ. ಯಾರ ಮನೆ ಮುಂದೆ ಇದ್ರೂ ಆ ಹೊತ್ತಿಗೆ ಒಂಚೂರು ನಿಂತ್ಕೊಳ್ತೀನಿ."

"ಆಯ್ತು," ಅಂದಳು.

ಮಾರನೆಯ ದಿನ ಸಂಜೆ ಐದಕ್ಕೆ ಎಲ್ಲರೂ ಕಂಪ್ಯೂಟರ್ ಆಫ್ ಮಾಡಿ ಎದ್ದರು. ಸೂಪರಿಂಟೆಂಡೆಂಟ್ ಬಾಗಿಲ ಬಳಿ ಬೀಗ ಹಿಡಿದು ನಿಂತಿದ್ದರು. ಟೈಪಿಸ್ಟ್ ಕೈಚಾಚಿ ಮುಚ್ಚಳ ಹಾಕಿದಳು. ಅವರು ಅದನ್ನು ನೋಡಿದರು, ಗೋಡೆಯ ಮೇಲಿನ ನೋಟೀಸನ್ನೂ ನೋಡಿದರು, ಅವಳು ಹೊರಗೆ ಬರುವವರೆಗೆ ಬಾಗಿಲು ಹಿಡಿದುಕೊಂಡರು.